ಮಾತಿನ ಪತಂಗಗಳು

ಚೈತ್ರ ಶುದ್ಧ ಪಂಚಮಿ. ತೆಳು ಮೋಡ, ಗಾಳಿ ಇರಲಿಲ್ಲ. ಯಾವ ವರ್ಷ ಎಂದು ಈಗ ಹೇಳುವವರಿಲ್ಲ. ಸರೋವತಿ ಎಂಬ ರಾಜ್ಯವಿದ್ದ ಕಾಲ ಅದು. ಹುಣ್ಣಿಮೆಗೆ ಮಂತ್ರಿಯನ್ನು ಆರಿಸುವ ಸಭೆ ಎಂದು ಅಂದು ಡಂಗುರ ಹೊಡೆದರು.

ಆ ರಾಜ್ಯದಲ್ಲಿ ಮಾತಿನ ನಡುವೆ ಯಾರಾದರೂ 'ಅಂದರೆ', 'ಮತ್ತೆ', 'ಅದೂ' ಎಂದು ತಡವರಿಸಿದರೆ ಬಾಯಿಂದ ಬೂದುಬಣ್ಣದ ಪತಂಗವೊಂದು ಹಾರಿಹೋಗುತ್ತಿತ್ತು. ಮನೆಯಲ್ಲಿ ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಸಭೆಯಲ್ಲಿ ಮಾತ್ರ ಜನ ಮಾತು ಬಿಟ್ಟು ಪತಂಗವನ್ನೇ ನೋಡುತ್ತಿದ್ದರು. ಪತಂಗ ಕಡಿಮೆಯಾದಷ್ಟೂ ಮನುಷ್ಯ ಜಾಣ ಎಂದು ಅವರು ನಂಬಿದ್ದರು.

ಮಂತ್ರಿ ಚಿತ್ರಕಂಠ ಮಾಯಾವಿ. ಅವನ ಬಾಯಿಂದ ಒಂದು ಪತಂಗವೂ ಹಾರಿದ್ದಿಲ್ಲ. ವರ್ಷಕ್ಕೊಮ್ಮೆ ಅವನು ಮಾತಾಡುವನು, ಜನ ಮೈಮರೆತು ಚಪ್ಪಾಳೆ ತಟ್ಟುವರು, ಆ ಗದ್ದಲದಲ್ಲಿ ಅವನು ಒಂದು ಕೆರೆಯನ್ನು ಕೇಳಿ ಪಡೆಯುವನು. ಆಮೇಲೆ ಅದನ್ನು ಚಾಪೆಯಂತೆ ಸುತ್ತಿ ತನ್ನ ಅರಮನೆಗೆ ಒಯ್ಯುವನು. ಈಗ ಉಳಿದಿದ್ದುದು ನೈದಿಲೆಕೆರೆ ಒಂದೇ.

ಆ ಕೆರೆಯಲ್ಲಿ ಹರಿಗೋಲು ನಡೆಸುತ್ತಿದ್ದವನು ಮಾಚಯ್ಯ. "ಅಕ್ಕಾ, ಈ ಸಲ... ಅದೂ... ನಾನೇ ಸಭೆಯಲ್ಲಿ ನಿಲ್ಲುತ್ತೇನೆ. ಅಂದರೆ... ಕೆರೆ ಹೋದರೆ... ಮತ್ತೆ..."

ಅವನ ಅಕ್ಕ ಸೋಮವ್ವ ಮುಖದ ಮುಂದಿನ ಪತಂಗಗಳನ್ನು ಓಡಿಸಿದಳು. "ನೀನು ಮಾತು ಮುಗಿಸುವಷ್ಟರಲ್ಲಿ ಅವನು ಕೆರೆ ಸುತ್ತಿ ಹೆಗಲಿಗೇರಿಸಿರುತ್ತಾನಪ್ಪ" ಎಂದಳು. ಆದರೂ ಬುತ್ತಿ ಕಟ್ಟಿಕೊಟ್ಟಳು. ತಡವರಿಕೆ ಬಿಡಿಸುವ ಪ್ರಾಣಿಗಳು ಕಾಡಿನಲ್ಲಿವೆ ಎಂದು ಅವಳು ಕೇಳಿದ್ದಳು.

ಕಾಡಿನಲ್ಲಿ ಮೊದಲು ಬಿಳಿ ಕರಡಿ ದಾರಿಗೆ ಅಡ್ಡ ಬಂತು. "ನಿನ್ನ 'ಅಂದರೆ' ಕೊಡು" ಎಂದಿತು. ಮಾಚಯ್ಯ ಕೊಟ್ಟ.

ಮುಂದೆ ಹೊನ್ನಿನ ಹಾವು ದಾರಿಗೆ ಅಡ್ಡ ಬಂತು. "ನಿನ್ನ 'ಮತ್ತೆ' ಕೊಡು" ಎಂದಿತು. ಅದನ್ನೂ ಕೊಟ್ಟ.

ಕೊನೆಗೆ ಮಂಜಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆ. "ನಿನ್ನ 'ಅದೂ' ಕೊಡು" ಎಂದಿತು.

"ಅದು ಆಗದು. ಯೋಚನೆ ಬರುವವರೆಗೆ ನಾನು ನಿಂತಿರುವುದು ಅದರ ಮೇಲೆಯೇ."

"ಹಾಗಾದರೆ ಬೇರೆ ಏನನ್ನಾದರೂ ತೆಗೆದುಕೊಳ್ಳುತ್ತೇನೆ. ಏನೆಂದು ಕೇಳಬೇಡ."

"ಕೆರೆ ಅಲ್ಲವಲ್ಲ?"

"ಕೆರೆ ಅಲ್ಲ."

"ತೆಗೆದುಕೋ" ಎಂದ ಮಾಚಯ್ಯ. ಕೊಕ್ಕರೆ ಮಂಜಿನೊಳಗೆ ಕರಗಿತು.

ಹುಣ್ಣಿಮೆಯ ರಾತ್ರಿ ಸಭೆ ಸೇರಿತು. ಮಾಚಯ್ಯ ಮಾತಾಡಿದ; ಒಂದು ಪತಂಗವೂ ಹಾರಲಿಲ್ಲ. "ಅಬ್ಬಾ, ಎಂಥ ತಲೆಯಪ್ಪ ಇವನದು" ಎಂದು ಜನ ಚಪ್ಪಾಳೆ ತಟ್ಟಿದರು. ಚಿತ್ರಕಂಠ ನಕ್ಕ. ಚಪ್ಪಾಳೆಯ ನಡುವೆ ಯಾರೂ 'ಇಲ್ಲ' ಎನ್ನುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಭೇಷ್, ತಮ್ಮಾ. ನಿನ್ನ ಕೆರೆಯನ್ನು ಒಂದೇ ಒಂದು ವರ್ಷ ನನಗೆ ಕೊಡುತ್ತೀಯಲ್ಲವೇ?"

"ಅದೂ..." ಎಂದ ಮಾಚಯ್ಯ.

ಪತಂಗ ಹಾರಿತು. ಚಪ್ಪಾಳೆ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಮಾಚಯ್ಯ ಅವಸರಪಡದೆ ಯೋಚಿಸಿದ. "ನಿಮಗೆ ಕೆರೆ ಯಾಕೆ ಬೇಕು, ಸ್ವಾಮಿ?"

ಚಿತ್ರಕಂಠನ ಮಾತಿನಲ್ಲಿ ನಿಲ್ಲುವ ಜಾಗವೇ ಇರಲಿಲ್ಲ. ಯೋಚಿಸುವ ಮೊದಲೇ ಉತ್ತರ ಹರಿದುಬಂತು: "ಬಾಯಾರಿದ ಜನ ಬೇಗ ತಲೆಬಾಗುತ್ತಾರೆ, ಅದಕ್ಕೆ."

ಎಷ್ಟು ಸೊಗಸಾಗಿ ಹೇಳಿದನೆಂದರೆ ಅರ್ಧ ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು.

"ತಡೀರಿ" ಎಂದಳು ಒಬ್ಬ ಮುದುಕಿ. "ಈಗ ಏನಂದ ಇವನು?"

ಕೈಗಳು ಒಂದೊಂದಾಗಿ ಕೆಳಗಿಳಿದವು. ಚಪ್ಪಾಳೆ ನಿಂತಂತೆ ಚಿತ್ರಕಂಠ ತೆಳುವಾಗುತ್ತ ಹೋದ, ಆಮೇಲೆ ಕಾಣಲಿಲ್ಲ. ಅರಮನೆಯ ಬಾಗಿಲು ತೆರೆಯಿತು. ಸುತ್ತಿಟ್ಟ ಕೆರೆಗಳು ಬೆಳುದಿಂಗಳಲ್ಲಿ ಉರುಳುತ್ತ ತಮ್ಮ ತಮ್ಮ ಊರಿಗೆ ಹೋಗಿ ಬಿಚ್ಚಿಕೊಂಡವು. ಜನ ಮಾಚಯ್ಯನನ್ನೇ ಮಂತ್ರಿ ಮಾಡಿದರು. ಆ ವರ್ಷದಿಂದ ಯಾವ ಊರೂ ಬಾಯಾರಲಿಲ್ಲ, ಎಲ್ಲರೂ ಸುಖವಾಗಿದ್ದರು.

ಅಂದು ಸಭೆಯಿಂದ ಮನೆಗೆ ಮರಳುವಾಗ ಹರಿಗೋಲಿನಲ್ಲಿ ಸೋಮವ್ವ ಗದರಿದಳು. "ಏನು ಬಿಗುಮಾನವೋ ನಿನ್ನದು. ರಾಜ್ಯಕ್ಕೆ ರಾಜ್ಯವೇ ಚಪ್ಪಾಳೆ ತಟ್ಟಿತು. ಒಂದು ಸಲ ತಿರುಗಿ ಕೈ ಮುಗಿಯಬಾರದಿತ್ತೇ?"

"ಚಪ್ಪಾಳೆಯೇ ಅದು?" ಎಂದ ಮಾಚಯ್ಯ. "ಕೈಗಳು ಆಡುತ್ತಿದ್ದುದು ಕಂಡಿತು, ಅಕ್ಕಾ. ಸದ್ದೇ ಬರಲಿಲ್ಲ."

ಸೋಮವ್ವ ಅವನ ಕಿವಿಯ ಹಿಂದೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಅವನು ತಿರುಗಲಿಲ್ಲ, ನೀರಿನ ಸದ್ದು ಕೇಳುತ್ತ ಹುಟ್ಟು ಹಾಕುತ್ತಿದ್ದ.