ಹೊಗೆಗೂಡಿನ ಮೂರು ಕೂಗು

ಬಹಳ ಹಿಂದೆ, ಬಿಸಿಲಿಗಿಂತ ಮಂಜೇ ಹೆಚ್ಚು ಬೀಳುವ ಶೀತಳಾವತಿ ಎಂಬ ರಾಜ್ಯವಿತ್ತು. ಅದರ ತುತ್ತತುದಿಯಲ್ಲಿ ಬೆಚ್ಚನಹಳ್ಳಿ ಎಂಬ ಊರು. ಹೆಸರು ಕೇಳಿ ಮೋಸ ಹೋಗಬೇಡಿ, ಅಲ್ಲಿನ ಚಳಿ ಹೇಳತೀರದು. ಹಾಲು ಕರೆದರೆ ಚೊಂಬಿನಲ್ಲೇ ಗಟ್ಟಿಯಾಗುತ್ತಿತ್ತು. ಅದಕ್ಕೇ ಊರಿನ ಎಪ್ಪತ್ತು ಮನೆಗಳಲ್ಲೂ ಸದಾ ಒಲೆ ಉರಿಯುತ್ತಿತ್ತು, ಎಪ್ಪತ್ತು ಮಾಡುಗಳ ಮೇಲೂ ಕಲ್ಲಿನ ಹೊಗೆಗೂಡು ಇತ್ತು.

ಆ ಹೊಗೆಗೂಡುಗಳ ಮಸಿ ಕೆರೆಯುವವನು ಕೆಂಚ. ಕೆಂಪಗೆ ಹುಟ್ಟಿದ್ದನಂತೆ, ಅದಕ್ಕೆ ಆ ಹೆಸರು. ಈಗ ಅವನ ಮೈಬಣ್ಣ ಏನೆಂದು ಅವನಿಗೇ ಮರೆತುಹೋಗಿತ್ತು, ಪಾಪ.

ಅವನ ಕಸುಬಿಗೆ ಒಂದು ಕ್ರಮವಿತ್ತು. ಏಣಿ ಹಾಕಿ ಮಾಡು ಹತ್ತಬೇಕು. ಬಿದಿರಿನ ಗಳುವಿನಿಂದ ಗೂಡಿನ ಬಾಯಿಗೆ ಮೂರು ಸಲ ತಟ್ಟಬೇಕು, ಒಳಗೆ ಹಕ್ಕಿಪಕ್ಕಿ ಇದ್ದರೆ ಹಾರಿಹೋಗಲಿ ಅಂತ. ಹಗ್ಗಕ್ಕೆ ಮುಳ್ಳುಕಂಟಿಯ ಕಟ್ಟು, ಅದರ ಕೆಳಗೊಂದು ಗುಂಡುಕಲ್ಲು ಕಟ್ಟಿ ಗೂಡಿನೊಳಗೆ ಇಳಿಬಿಟ್ಟು, ಮೇಲೆ ಕೆಳಗೆ ಎಳೆದು ಮಸಿ ಉದುರಿಸಬೇಕು. ಆಮೇಲೆ ಗೂಡಿಗೆ ಬಾಯಿಟ್ಟು "ಒಲೆ ಹಚ್ಚೀ!" ಎಂದು ಕೂಗಬೇಕು. ಒಳಗಿನವರು "ಹಚ್ಚಿದೆವು!" ಎನ್ನಬೇಕು. ಉತ್ತರ ಬಂದು, ಹೊಗೆ ನೆಟ್ಟಗೆ ಎದ್ದ ಮೇಲೆಯೇ ಇಳಿಯಬೇಕು. ಉತ್ತರ ಬರದಿದ್ದರೆ ಮೂರು ಸಲ ಕೂಗಬೇಕು, ಮೂರು ಸಲವೂ ಕಾಯಬೇಕು. ಕಸುಬು ಕಲಿಸಿದ ಮುದುಕ ದ್ಯಾವಪ್ಪ ಸಾಯುವಾಗಲೂ ಇದನ್ನೇ ಹೇಳಿದ್ದ.

ಊರಿನದೂ ಒಂದು ಕಟ್ಟಳೆ ಇತ್ತು. ಹೊಗೆಗೂಡಿನವನು ಯಾರ ಹೊಸಿಲನ್ನೂ ದಾಟಬಾರದು, ದಾಟಿದರೆ ಒಲೆ ಮುನಿಯುತ್ತದೆ. ಅವನ ಗುಡಿಸಲಲ್ಲಿ ಒಲೆಯೂ ಇರಬಾರದು. "ಊರಿನ ಹೊಗೆಯೆಲ್ಲ ನಿನ್ನದೇ ಅಲ್ಲವೇನೋ, ನಿನಗೆ ಬೇರೆ ಒಲೆ ಯಾಕೆ?" ಎಂದು ಜನ ನಗುತ್ತಿದ್ದರು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದರು. ಅವನು ಇಳಿಯುವ ಹೊತ್ತಿಗೆ ಅನ್ನ ಆರಿರುತ್ತಿತ್ತು. ಕೆಂಚ ಹುಟ್ಟಿದಾಗಿನಿಂದ ಬಿಸಿ ಊಟ ಉಂಡವನೇ ಅಲ್ಲ.

ಗೂಡಿನ ಬಾಯಲ್ಲಿ ಕೂತರೆ ಮನೆಯೊಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಜಗಳ, ಜೋಗುಳ, ಸೊಸೆಯ ಗೊಣಗಾಟ, ಎಲ್ಲ. ಒಂದು ಮಾತೂ ಅವನಿಗಾಗಿ ಆಡಿದ್ದಲ್ಲ. ಅವನಿಗೆ ಸಿಗುತ್ತಿದ್ದದ್ದು ಮನೆಗೊಂದು "ಹಚ್ಚಿದೆವು" ಮಾತ್ರ. ಊರಾಚೆ ಒಬ್ಬಳೇ ಇದ್ದ ಹೊನ್ನವ್ವನ ಮನೆಯಲ್ಲಿ ಮಾತ್ರ ನಾಲ್ಕು ಮಾತು ಬರುತ್ತಿತ್ತು: "ಹಚ್ಚಿದೆ ಕೆಂಚಾ, ಹುಷಾರಾಗಿ ಇಳಿ." ಆ ನಾಲ್ಕು ಮಾತನ್ನು ಅವನು ಮುಂದಿನ ಸರದಿಯವರೆಗೂ ಮನಸ್ಸಿನಲ್ಲೇ ಮೆಲುಕು ಹಾಕುತ್ತಿದ್ದ.

ಅಯ್ಯೋ, ಒಂದು ಮಾತು ಮರೆತೆ ನೋಡಿ. ಎಪ್ಪತ್ತು ಮನೆ ಅಂದೆನಲ್ಲ, ಎಪ್ಪತ್ತೊಂದನೆಯದು ಗುಡ್ಡದ ಮೇಲಿತ್ತು. ಕರಿಕಲ್ಲಿನ ಮನೆ. ಕಾಳಾಂಜನನೆಂಬ ಮಾಯಾವಿಯೊಬ್ಬ ಅಲ್ಲಿದ್ದನಂತೆ, ಎಂದೋ ಸತ್ತನಂತೆ ಎಂದು ಜನ ಅನ್ನುತ್ತಿದ್ದರು. ಕಸುಬಿಗಿಳಿದ ಮೊದಲ ವರ್ಷ ಕೆಂಚ ಅಲ್ಲಿಗೂ ಹತ್ತಿದ್ದ. ಮಸಿ ಕೆರೆದ. ಒಂದು ಸಲ ಕೂಗಿದ. ಉತ್ತರ ಬರಲಿಲ್ಲ. ಆ ಮೌನ ಅವನಿಗೆ ತಡೆಯಲಾಗಲಿಲ್ಲ. ಎರಡನೆಯ ಕೂಗು ಕೂಗದೆ ಇಳಿದುಬಿಟ್ಟ. ಆಮೇಲೆ ಒಂಬತ್ತು ವರ್ಷ ಆ ಕಡೆ ಸುಳಿಯಲಿಲ್ಲ.

ಹೀಗಿರಲು ಒಂದು ಬೆಳಗ್ಗೆ ಕೆಂಚ ಹೊನ್ನವ್ವನ ಗೂಡು ಕೆರೆದು "ಒಲೆ ಹಚ್ಚೀ!" ಎಂದ. ಹೊಗೆ ಎದ್ದಿತು. ಎದ್ದದ್ದು ಅರ್ಧಕ್ಕೇ ನಿಂತಿತು. ನಿಂತದ್ದು ತಿರುಗಿ ಮನೆಯೊಳಗೇ ಇಳಿಯಿತು. ಉತ್ತರವಿಲ್ಲ. ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ಇಲ್ಲ. ತಲೆಯೆತ್ತಿ ನೋಡಿದರೆ ಊರಿನ ಎಪ್ಪತ್ತು ಹೊಗೆಗಳೂ ಹಾಗೇ ಹಿಂದಕ್ಕೆ ಇಳಿಯುತ್ತಿದ್ದವು.

ಕೆಂಚ ಇಳಿದು ಬಾಗಿಲಿಗೆ ಓಡಿದ. ಹೊನ್ನವ್ವ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತಿದ್ದಳು. ಕಣ್ಣು ತೆರೆದಿತ್ತು, ಉತ್ತರ ಕೊಡಲು ತುಟಿಯೂ ತೆರೆದಿತ್ತು. ಮಾತಿಲ್ಲ, ಅಲುಗಾಟವಿಲ್ಲ. ಒಲೆಯ ಬೆಂಕಿ ಕೂಡ ಗೋಡೆಗೆ ಬರೆದ ಬೆಂಕಿಯ ಹಾಗೆ ನಿಂತಿತ್ತು.

"ಹೊನ್ನವ್ವಾ!" ಎಂದ. ಒಂದು ಕಾಲು ಎತ್ತಿ ಹೊಸಿಲ ಮೇಲೆ ಹಿಡಿದ. ಅವಳು ಕರೆದಿರಲಿಲ್ಲ. ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟ.

ಊರೆಲ್ಲ ತಿರುಗಿದ. ಎಲ್ಲ ಮನೆಯಲ್ಲೂ ಅದೇ ಕತೆ. ತನ್ನ ಹೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂಟಿತನ ಅವನಿಗೆ ಹೊಸದೇನಲ್ಲ ಬಿಡಿ, ಆದರೆ ಅವತ್ತು ಬೀದಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಗಳಗಳ ಅತ್ತ.

"ಅತ್ತಿದ್ದು ಸಾಕು, ಏಳು" ಎಂದಿತು ಒಂದು ಕಾಗೆ. "ನೀನು ಪ್ರತಿ ಸಲ ತಟ್ಟಿ ಎಬ್ಬಿಸಿದ್ದಕ್ಕೆ ನನ್ನ ಮರಿಗಳು ಬದುಕಿವೆ, ಅದಕ್ಕೇ ಹೇಳ್ತಿದ್ದೀನಿ. ರಾಜಧಾನಿವರೆಗೂ ಹಾರಿ ಬಂದೆ. ರಾಜ ಬಾಯಿ ತೆರೆದುಕೊಂಡು ಸಿಂಹಾಸನದ ಮೇಲೆ ಕೂತಿದ್ದಾನೆ, ಸೇನಾಪತಿ ಮೀಸೆ ಹಿಡಿದು ನಿಂತಿದ್ದಾನೆ. ಒಲೆ ಇರುವ ಮನೆಯವರೆಲ್ಲ ಸಿಕ್ಕಿಬಿದ್ದರು. ಒಲೆ ಇಲ್ಲದವನು ರಾಜ್ಯಕ್ಕೆಲ್ಲ ನೀನೊಬ್ಬನೇ."

"ಯಾರು ಮಾಡಿದ್ದು ಇದು?"

"ಕಾಳಾಂಜನ. ಸತ್ತಿಲ್ಲ ಅವನು, ಗುಡ್ಡದ ಮನೆಯಲ್ಲೇ ಇದ್ದಾನೆ. ನಿಂತ ಬೆಂಕಿ ಇವತ್ತು ಹೊತ್ತು ಮುಳುಗುವ ತನಕ ಇರುತ್ತೆ. ಆಮೇಲೆ ಆರುತ್ತೆ. ಬೆಂಕಿ ಆರಿದ ಮನೆಯವರು ಕಲ್ಲಾಗ್ತಾರೆ. ಅಷ್ಟರೊಳಗೆ ಅವನ ಗೂಡಿನಿಂದ ಹೊಗೆ ಎದ್ದರೆ ಎಲ್ಲರ ಹೊಗೆಯೂ ಏಳುತ್ತೆ."

ಕೆಂಚ ಕಣ್ಣೊರೆಸಿಕೊಂಡ. ಗಳು, ಹಗ್ಗ, ಕಂಟಿ, ಏಣಿ ಹೊತ್ತು ಗುಡ್ಡ ಹತ್ತಿದ. ಮಧ್ಯಾಹ್ನಕ್ಕೆ ಕರಿಮನೆಯ ಮಾಡು ಏರಿದ.

ಗೂಡಿನ ಬಾಯಲ್ಲಿ ಹೊಗೆಯ ಹಾವೊಂದು ಸುರುಳಿ ಸುತ್ತಿ ಮಲಗಿತ್ತು, ತೊಲೆಯಷ್ಟು ದಪ್ಪ. ಆದರೂ ಕೈ ತನ್ನ ರೂಢಿ ಬಿಡಲಿಲ್ಲ. ಗಳುವಿನಿಂದ ಮೆಲ್ಲಗೆ ಮೂರು ಸಲ ತಟ್ಟಿತು.

ಹಾವು ತಲೆಯೆತ್ತಿತು. "ಕಂಡವರೆಲ್ಲ ನನ್ನನ್ನು ಕಡಿಯಲು ಬರುತ್ತಾರೆ. ನೀನು ಯಾಕೆ ತಟ್ಟಿದೆ?"

"ಒಳಗಿರುವವರಿಗೆ ತಿಳಿಸದೆ ಕೆಲಸ ಶುರು ಮಾಡಬಾರದು. ಎದ್ದು ಹೋಗಪ್ಪ, ಮಸಿ ಬೀಳುತ್ತೆ."

ಹಾವು ಅವನನ್ನು ಒಂದು ಗಳಿಗೆ ನೋಡಿ, ಸುರುಳಿ ಬಿಚ್ಚಿ ಗಾಳಿಯಲ್ಲಿ ಕರಗಿಹೋಯಿತು.

ಕೆಂಚ ಹಗ್ಗ ಕಟ್ಟಿಕೊಂಡು ಗೂಡಿನೊಳಗೆ ಇಳಿದ. ಕಾಲುಭಾಗ ಇಳಿದನೋ ಇಲ್ಲವೋ, ಗೂಡಿನ ಗೋಡೆಯ ಸಂದಿನಲ್ಲಿ ಕೆಂಡದ ಹುಲಿಯೊಂದು ಹಲ್ಲು ಕಿರಿಯಿತು. ಬೇರೆ ಯಾರಾದರೂ ಆಗಿದ್ದರೆ ನೀರು ಎರಚುತ್ತಿದ್ದರು. ಕಾದ ಗೂಡಿಗೆ ನೀರು ಬಿದ್ದರೆ ಕಲ್ಲು ಸಿಡಿದು ಮನೆಯೇ ಕುಸಿಯುತ್ತದೆ ಎಂದು ಕೆಂಚನಿಗೆ ಗೊತ್ತು. ಅವನು ಗೋಡೆಯ ಬೂದಿ ಬಳಿದು ಬಳಿದು ಹುಲಿಯ ಬೆನ್ನ ಮೇಲೆ ಹಾಕಿದ, ಕೆಂಡ ಮುಚ್ಚಿಡುತ್ತಾರಲ್ಲ ಹಾಗೆ. "ಮಲಗು, ಮಲಗು, ನಿನಗೂ ಸಾಕಾಗಿದೆ" ಎಂದ. ಹುಲಿ ಆಕಳಿಸಿತು, ಬೆಕ್ಕಿನಂತೆ ಮುದುಡಿ ನಿದ್ದೆಹೋಯಿತು.

ಅದರ ಕೆಳಗೆ ಮಸಿ. ಒಂಬತ್ತು ವರ್ಷದ ಮಸಿ, ಗೂಡಿಗೆ ಗೂಡೇ ಮುಚ್ಚಿ ಬಂಡೆಯಾಗಿತ್ತು. ಕಂಟಿ ತಾಗಿಸಿದ ಕೂಡಲೇ ಅದು ಮಾತಾಡಿತು, ಕೆಂಚನದೇ ದನಿಯಲ್ಲಿ.

"ಯಾರಿಗೋಸ್ಕರ ಕೆರೀತೀಯ? ಇಲ್ಲಿ ಯಾರೂ ಉತ್ತರ ಕೊಡಲ್ಲ. ಕೆಳಗೆ ಎಪ್ಪತ್ತು ಬಾಗಿಲು ತೆರೆದಿದೆ. ಹೋಗು, ಹೊನ್ನವ್ವನ ಪಕ್ಕ ಕೂತುಕೋ. ಅವಳು ಕಲ್ಲಾದರೆ ಇನ್ನೂ ಒಳ್ಳೆಯದು, ಎಂದೆಂದಿಗೂ ಏಳು ಅನ್ನಲ್ಲ."

ಕೆಂಚನ ಕೈ ನಿಂತಿತು. ಸುಳ್ಳು ಯಾಕೆ ಹೇಳಲಿ, ಅವನಿಗೆ ಆಸೆಯಾಯಿತು. ಒಬ್ಬರ ಪಕ್ಕ ಕೂರುವುದು ಹೇಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

"ಅವಳು 'ಹುಷಾರಾಗಿ ಇಳಿ' ಅನ್ನದಿದ್ದರೆ ಪಕ್ಕದಲ್ಲಿ ಕೂತು ಏನು ಮಾಡಲಿ?" ಎಂದ. ಹಲ್ಲು ಕಚ್ಚಿ ಕೆರೆದ. ಉಗುರು ಕಿತ್ತವು, ಮೊಣಕೈ ತರಚಿತು, ಮಸಿ ಬೈಯುತ್ತಲೇ ಹೋಯಿತು. ಹೊತ್ತು ಗುಡ್ಡದ ಅಂಚಿಗೆ ಇಳಿಯುವಾಗ ಕಡೆಯ ಚೂರು ದಡ್ ಎಂದು ಒಲೆಗೆ ಬಿತ್ತು.

ಕೆಂಚ ಮೇಲೆ ಹತ್ತಿ ಗೂಡಿಗೆ ಬಾಯಿಟ್ಟ.

"ಒಲೆ ಹಚ್ಚೀ!"

ಉತ್ತರವಿಲ್ಲ. ಒಂಬತ್ತು ವರ್ಷದ ಹಿಂದಿನ ಅದೇ ಮೌನ. ಈ ಸಲ ಕಾದ.

"ಒಲೆ ಹಚ್ಚೀ!"

ಸೂರ್ಯ ಅರ್ಧ ಮುಳುಗಿದ್ದ. ಏಣಿಯ ಕಡೆ ನೋಡಲಿಲ್ಲ. ಕಾದ.

"ಒಲೆ ಹಚ್ಚೀ!"

ಕಾದ, ಕಾದ. ಸೂರ್ಯ ಉಗುರಿನಷ್ಟು ಉಳಿದಿದ್ದಾಗ, ತುಕ್ಕು ಹಿಡಿದ ಕೀಲಿನಂಥ ದನಿಯೊಂದು ಕೆಳಗಿನಿಂದ ಬಂತು.

"ಹ... ಹಚ್ಚಿದೆ. ಎಲ್ಲಿ ಹಾಳಾಗಿ ಹೋಗಿದ್ದೆಯೋ ಇಷ್ಟು ವರ್ಷ?"

"ಅಜ್ಜಾ! ಒಂಬತ್ತು ವರ್ಷದ ಹಿಂದೆಯೂ ನೀನು ಒಳಗಿದ್ದೆಯಾ? ಅವತ್ತು ಯಾಕೆ ಉತ್ತರ ಕೊಡಲಿಲ್ಲ?"

"ಕೊಟ್ಟೆ ಕಣೋ. ಕಾಲು ಬಾರದ ಮುದುಕ, ಹಾಸಿಗೆಯಿಂದ ಒಲೆಯ ತನಕ ತೆವಳಿ ಬರಬೇಡವೇ? ಬಂದು 'ಹಚ್ಚಿದೆ' ಅಂದೆ. ನೀನು ಇಳಿದು ಹೋಗಿದ್ದೆ. ಆ ಸದ್ದು ಕೇಳಿಸ್ತು. ಆಮೇಲೆ ಪ್ರತಿ ವರ್ಷ ಕಾದೆ. ಗೂಡು ಕಟ್ಟಿಕೊಂಡಿತು, ಹೊಗೆ ಮನೆಯಲ್ಲೇ ತುಂಬಿತು, ಕೆಮ್ಮಿ ಕೆಮ್ಮಿ ಸಿಟ್ಟು ಹತ್ತಿತು. ನನ್ನ ಹೊಗೆ ಏಳದಿದ್ದರೆ ಯಾರ ಹೊಗೆಯೂ ಏಳೋದು ಬೇಡ ಅಂತ ಮಂತ್ರ ಹಾಕಿದೆ."

ಕೆಂಚನಿಗೆ ಬೈಗುಳ ಬಾಯಿಗೆ ಬರಲಿಲ್ಲ. ಬಿಕ್ಕುತ್ತಾ ಹೇಳಿದ, "ತಪ್ಪು ನನ್ನದು ಅಜ್ಜ. ಮೂರು ಸಲ ಕೂಗಬೇಕಿತ್ತು. ಒಂದೇ ಕೂಗಿಗೆ ಓಡಿಹೋದೆ."

ಗೂಡಿನಿಂದ ಹೊಗೆ ಎದ್ದಿತು. ಮೊದಲು ಕಡುಗಪ್ಪು, ಆಮೇಲೆ ಬೂದು, ಆಮೇಲೆ ಬಿಳಿ. ಕಾಳಾಂಜನನ ಮಂತ್ರ, ಮಾಯೆ, ಹೊಟ್ಟೆಯುರಿ ಎಲ್ಲ ಆ ಹೊಗೆಯ ಜೊತೆ ನೆಟ್ಟಗೆ ಆಕಾಶಕ್ಕೆ ಹೋಯಿತು. ಕೆಳಗೆ ಉಳಿದವನು ಒಬ್ಬ ಸಾದಾ ಮುದುಕ, ಬೆಂಕಿಗೆ ಅಂಗೈ ಒಡ್ಡಿ ಕೂತಿದ್ದ. ಬೆಚ್ಚನಹಳ್ಳಿಯ ಕಡೆ ತಿರುಗಿ ನೋಡಿದರೆ ಒಂದು, ಎರಡು, ಎಪ್ಪತ್ತು ಹೊಗೆ ಮೇಲೇಳುತ್ತಿದ್ದವು.

ಕೆಂಚ ಒಂದೇ ಉಸಿರಿಗೆ ಗುಡ್ಡ ಇಳಿದ. ಹೊನ್ನವ್ವನ ಮಾಡು ಹತ್ತಿ ಗೂಡಿಗೆ ಬಾಯಿಟ್ಟ. "ಒಲೆ ಹಚ್ಚೀ!"

"ಹಚ್ಚಿದೆ ಕೆಂಚಾ" ಎಂದಳು ಹೊನ್ನವ್ವ. ಆಮೇಲೆ, "ಕಣ್ಣು ತೆರೆದೇ ಇತ್ತು, ಎಲ್ಲ ಕಾಣಿಸ್ತಿತ್ತು. ಬೆಳಗ್ಗೆ ಹೊಸಿಲ ಮೇಲೆ ಕಾಲೆತ್ತಿ ನಿಂತಿದ್ದೆಯಲ್ಲ, ಯಾಕೆ ಒಳಗೆ ಬರಲಿಲ್ಲ?"

"ನೀನು ಕರೆದಿರಲಿಲ್ಲ."

"ಈಗ ಕರೀತಿದ್ದೀನಿ. ಹುಷಾರಾಗಿ ಇಳಿ. ಬಾಗಿಲಿಂದ ಬಾ."

ಅವನು ಬಂದ. ಹೊಸಿಲು ದಾಟಿದ. ಒಲೆ ಮುನಿಯಲಿಲ್ಲ, ಇನ್ನಷ್ಟು ಚೆನ್ನಾಗಿ ಉರಿಯಿತು. ಬಿಸಿ ಅನ್ನ ಉಣ್ಣುವ ಅಭ್ಯಾಸವಿಲ್ಲದೆ ನಾಲಗೆ ಸುಟ್ಟುಕೊಂಡ. ಹೊನ್ನವ್ವ ಬಿದ್ದು ಬಿದ್ದು ನಕ್ಕಳು.

ಊರಿನ ಕಟ್ಟಳೆ ಅಂದಿಗೆ ಮುರಿಯಿತು. ಜನ ತಲಾ ಒಂದು ಕಲ್ಲು ಹೊತ್ತು ತಂದು ಕೆಂಚನ ಗುಡಿಸಲಿಗೆ ಒಲೆ ಕಟ್ಟಿದರು, ಹೊಗೆಗೂಡು ಕಟ್ಟಿದರು. ಗುಡ್ಡದ ಅಜ್ಜನಿಗೆ ದಿನಕ್ಕೊಂದು ಮನೆಯಿಂದ ಬಿಸಿ ಊಟ ಹೋಯಿತು. ರಾಜ ಬಾಯಿ ಮುಚ್ಚಿದ, ಸೇನಾಪತಿ ಮೀಸೆ ಬಿಟ್ಟ, ರಾಜ್ಯ ಸುಖವಾಗಿತ್ತು.

ಆದರೆ ಕೂಗುವವನೇ ಉತ್ತರ ಕೊಡುವಂತಿಲ್ಲವಲ್ಲ? ಹೊಸ ಒಲೆ ಹಚ್ಚುವ ದಿನ ಹೊನ್ನವ್ವ ಸೀರೆ ಎತ್ತಿ ಕಟ್ಟಿ ತಾನೇ ಏಣಿ ಹತ್ತಿದಳು.

"ಒಲೆ ಹಚ್ಚೋ ಕೆಂಚಾ!"

ಕೆಂಚ ಒಲೆಯ ಮುಂದೆ ಕೂತಿದ್ದ. ಬೆಂಕಿ ಹತ್ತಿತ್ತು. ತನ್ನದೇ ಒಲೆಯ ಹೊಗೆ ಗೂಡಿಗೆ ಏರುವುದನ್ನೇ ನೋಡಿದ. ಅವಳು ಕಾದು ಎರಡನೆಯ ಸಲ ಕೂಗಿದಳು. ಕೆಂಚ ಇನ್ನೊಂದು ಕಟ್ಟಿಗೆ ಒಲೆಗಿಟ್ಟ. ಅವಳು ಇಳಿಯಲಿಲ್ಲ. ಕಾದು, ಮೂರನೆಯ ಸಲ ಕೂಗಿದಳು.

"ಹಚ್ಚಿದೆ" ಎಂದ ಕೆಂಚ. "ಹುಷಾರಾಗಿ ಇಳಿ."