ಚೆನ್ನಾಗಿದ್ದಾಳೆ ಎಂಬ ತಪ್ಪಿಗೆ

ಒಂದು ಫೋರ್ಕು, ಒಂದು ಪ್ಲಾಸ್ಟಿಕ್ ಚಾಕು, ಸುತ್ತ ಒಂದು ಪೇಪರ್ ನ್ಯಾಪ್ಕಿನ್. ಸುತ್ತು, ಮಡಚು, ಬುಟ್ಟಿಗೆ ಹಾಕು. ಓಪಲ್ ಅರವತ್ತೆರಡನೆಯದನ್ನು ಸುತ್ತುತ್ತಿದ್ದಳು. ಇನ್ನೂರು ಆಗಬೇಕಿತ್ತು.

ಅವತ್ತು ಊರಿನ ಫೈರ್ ಸ್ಟೇಷನ್ನಿನಲ್ಲಿ ಸ್ಪಗೆಟಿ ಊಟ. ಕೆಂಪು ಲಾರಿಯನ್ನು ಹೊರಗೆ ನಿಲ್ಲಿಸಿ, ಅದರ ಜಾಗದಲ್ಲಿ ಉದ್ದಕ್ಕೆ ಮೇಜು ಹಾಕಿದ್ದರು. ತಟ್ಟೆಗೆ ಎಂಟು ಡಾಲರ್. ಬಂದದ್ದೆಲ್ಲ ಓಪಲ್‌ಳ ಇಂಜೆಕ್ಷನ್ನಿಗೆ.

ತನ್ನ ಹೆಸರಿನ ಊಟಕ್ಕೆ ತಾನೇ ಫೋರ್ಕು ಸುತ್ತುವುದು ಅವಳಿಗೆ ವಿಚಿತ್ರ ಅನ್ನಿಸಲಿಲ್ಲ. ಕೆಂಟಕಿಯ ಆ ಗುಡ್ಡದ ಊರಿನಲ್ಲಿ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಮೊದಲು ಬರುವುದು ಡಾಕ್ಟರು, ಆಮೇಲೆ ಬಿಲ್ಲು, ಅದರ ಹಿಂದೆಯೇ ಸ್ಪಗೆಟಿ.

ಬಾಗಿಲ ಬಳಿ ದುಡ್ಡು ಹಾಕಲು ಒಂದು ಗಾಜಿನ ಭರಣಿ ಇತ್ತು. ಇಂಥ ಊಟಗಳನ್ನೆಲ್ಲ ಮುಂದೆ ನಿಂತು ನಡೆಸುವ ವರ್ನಾ ಮಿಸ್, ಅದಕ್ಕೆ ಅಂಟಿಸಲು ಓಪಲ್‌ಳ ಫೋಟೊ ಆರಿಸುತ್ತಿದ್ದರು. ಸೈಕಲ್ ಮೇಲೆ ಕೂತು ಹಲ್ಲು ಬಿಟ್ಟಿದ್ದ ಫೋಟೊವನ್ನು ಪಕ್ಕಕ್ಕೆ ಸರಿಸಿದರು.

"ಇದು ಬೇಡ ಪುಟ್ಟಿ. ನಗೋ ಮಗುಗೆ ಜನ ಚಿಲ್ಲರೆ ಹಾಕ್ತಾರೆ. ನೋಟು ಬೀಳಬೇಕು ಅಂದ್ರೆ ಮಲಗಿರಬೇಕು" ಎಂದು, ಎರಡು ವರ್ಷದ ಹಿಂದಿನ ಆಸ್ಪತ್ರೆ ಮಂಚದ ಫೋಟೊವನ್ನು ಅಂಟಿಸಿದರು.

ಸಾಸ್ ಪಾತ್ರೆಯಲ್ಲಿ ಸೌಟಾಡಿಸುತ್ತಿದ್ದ ತಾತ ಹಾರ್ಲನ್ ಅತ್ತ ನೋಡಿ, "ಕಂಪನಿಯೋರಿಗೂ ಅದನ್ನೇ ಕಳಿಸಬೇಕಿತ್ತು" ಅಂದ.

ಕಂಪನಿ ಎಂದರೆ ಇನ್ಶೂರೆನ್ಸ್ ಕಂಪನಿ. ಎರಡು ವರ್ಷದ ಹಿಂದೆ ಓಪಲ್‌ಳ ಬೆರಳಿನ ಗಂಟು, ಮೊಣಕಾಲಿನ ಗಂಟು ಎಲ್ಲ ಊದಿಕೊಂಡು ಅವಳು ಮಂಚ ಹಿಡಿದಿದ್ದಳು. ಎರಡು ವಾರಕ್ಕೊಂದು ಇಂಜೆಕ್ಷನ್ ಶುರುವಾದ ಮೇಲೆ ಎದ್ದು ಓಡಾಡಿದಳು, ಸೈಕಲ್ ಹೊಡೆದಳು. ಒಂದು ಇಂಜೆಕ್ಷನ್ನಿನ ಬೆಲೆಗೆ ತಾತನ ಹಳೇ ಕಾರಿನಂಥದ್ದು ಎರಡು ಬರುತ್ತಿತ್ತು. ಅದನ್ನು ಕಂಪನಿಯೇ ಕಟ್ಟುತ್ತಿತ್ತು.

ಎಂಟು ವಾರದ ಹಿಂದೆ ಕಂಪನಿಯಿಂದ ಕಾಗದ ಬಂತು. ರೋಗಿ ಚೆನ್ನಾಗಿದ್ದಾಳೆ, ಆದ್ದರಿಂದ ಔಷಧಿಯ ಅಗತ್ಯ ಕಾಣುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಸಾಕ್ಷಿಗೆ ಡಾಕ್ಟರರ ಟಿಪ್ಪಣಿಯ ಒಂದು ಸಾಲನ್ನೂ ಎತ್ತಿ ಹಾಕಿದ್ದರು. ಹೇಗಿದ್ದೀಯ ಎಂದು ಕೇಳಿದಾಗ ರೋಗಿಯೇ "ಚೆನ್ನಾಗಿದ್ದೇನೆ" ಅಂದಿದ್ದಾಳಂತೆ.

"ಬಸ್ಸು ಚೆನ್ನಾಗಿ ಓಡ್ತಿದೆ, ಇನ್ನು ಚಕ್ರ ಯಾಕೆ, ಬಿಚ್ಚಿಡಿ ಅಂದಂಗಾಯ್ತು" ಎಂದಿದ್ದ ತಾತ. ಅವನು ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದವನು.

ಓಪಲ್ ಹಾಗೆ ಹೇಳಿದ್ದು ನಿಜ. ಡಾಕ್ಟರು ಒಳಗೆ ಬರುತ್ತಲೇ ಕೇಳಿದ್ದರು, ಅವಳು ಹೇಳಿದ್ದಳು. ಎದುರು ಸಿಕ್ಕವರಿಗೆ ಎಲ್ಲರೂ ಹೇಳುವ ಮಾತು ಅದು. ಏಣಿಯಿಂದ ಬಿದ್ದವನೂ ನೆಲದ ಮೇಲೆ ಮಲಗಿಕೊಂಡೇ ಅದನ್ನು ಹೇಳುತ್ತಾನೆ. ಇಡೀ ದೇಶದಲ್ಲಿ ಅದನ್ನು ನಂಬಿದವರು ಕಂಪನಿಯವರೊಬ್ಬರೇ.

ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ ಅರವತ್ತು ದಿನದೊಳಗೆ ಮನೆಯವರು ಪತ್ರ ಹಾಕಬಹುದಿತ್ತು. ಡಾಕ್ಟರು ತಮ್ಮ ಪತ್ರ ಕಳಿಸಿ ಆಗಿತ್ತು. ಅಮ್ಮ ರೋಂಡಾಳದು ಬಾಕಿ. ಕವರಿನ ಮೇಲೆ ವಿಳಾಸ ಬರೆದು, ಸ್ಟ್ಯಾಂಪ್ ಹಚ್ಚಿ, ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಳು. ಒಳಗೆ ಹಾಕುವ ಹಾಳೆಯಲ್ಲಿ ಮಾತ್ರ "ನನ್ನ ಮಗಳು ಓಪಲ್" ಎಂಬುದರಿಂದ ಮುಂದಕ್ಕೆ ಹೋಗಿರಲಿಲ್ಲ.

ಶಾಲೆಯ ಅಡುಗೆಮನೆ ಕೆಲಸ ಮುಗಿಸಿ ಬಂದು, ಪೆನ್ನು ಹಿಡಿದು, ಈಗ ಹೇಗಿದೆ, ಎಲ್ಲಾದರೂ ನೋವಿದೆಯಾ ಎಂದು ದಿನಾ ಕೇಳುವಳು. ಚೆನ್ನಾಗಿದೀನಿ ಎಂದು ಓಪಲ್ ದಿನಾ ಹೇಳುವಳು. ನೋವು ಎಂದರೆ ಅಮ್ಮನ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇಂಜೆಕ್ಷನ್ ನಿಂತು ಆರು ವಾರ ಆಗಿತ್ತು. ಪತ್ರಕ್ಕೆ ಉಳಿದದ್ದು ನಾಲ್ಕೇ ದಿನ.

ಐದು ಗಂಟೆಗೆ ಜನ ಬರತೊಡಗಿದರು. ಓಪಲ್ ಫೋರ್ಕಿನ ಸುರುಳಿ ಹಂಚುತ್ತ ನಿಂತಳು. ಬಂದವರೆಲ್ಲ ಹೇಗಿದ್ದೀಯ ಎಂದು ಕೇಳಿದರು. ಅವಳು ಉತ್ತರ ಹೇಳಿ, ಮರ್ಯಾದೆಗೆ ತಾನೂ ಕೇಳಿದಳು.

ಪಕ್ಕದ ಮನೆಯ ರ್‍ಯಾಟ್ಲಿಫ್ ಅಜ್ಜಿ ಬಿ.ಪಿ. ಮಾತ್ರೆಯನ್ನು ಚಾಕುವಿನಲ್ಲಿ ಅರ್ಧ ಮಾಡಿ ನುಂಗುತ್ತಾಳೆ, ತಿಂಗಳಿನದು ಎರಡು ತಿಂಗಳು ಬರಲಿ ಎಂದು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಂತು ಬಂದವಳು, ಚೆನ್ನಾಗಿದೀನಮ್ಮ ಅಂದಳು.

ಗ್ಯಾರೇಜಿನ ಕ್ಲೈಡ್ ಅಂಕಲ್‌ಗೆ ಒಂದು ಕೆನ್ನೆ ಬನ್ನಿನಷ್ಟು ಊದಿತ್ತು. ಹಲ್ಲು ಕೀಳಲು ಡಾಕ್ಟರು ಕೇಳಿದ ದುಡ್ಡು ಕೇಳಿ ಬಾಯಿ ಮುಚ್ಚಿಕೊಂಡು ವಾಪಸ್ ಬಂದಿದ್ದನಂತೆ. ಅವನೂ ಇನ್ನೊಂದು ಕೆನ್ನೆಯಲ್ಲಿ, ಚೆನ್ನಾಗಿದೀನಿ ಮರಿ ಅಂದ.

"ಭಾನುವಾರ ಇಕ್ಕಳ ತಗೊಂಡು ಬಾ, ನಾನೇ ಕೀಳ್ತೀನಿ" ಎಂದ ತಾತ, ಒಂದು ಕೈ ಸೊಂಟಕ್ಕೆ ಆನಿಸಿಕೊಂಡು. "ನೀನು ಹೇಗಿದ್ದೀಯ?" ಎಂದು ಕ್ಲೈಡ್ ಕೇಳಿದ್ದಕ್ಕೆ, ಸೊಂಟದ ಕೈ ತೆಗೆದು, ಚೆನ್ನಾಗಿದೀನಿ ಎಂದೇ ಹೇಳಿದ.

ಓಪಲ್ ಸಾಲನ್ನು ಒಮ್ಮೆ ಬಾಗಿಲವರೆಗೂ ನೋಡಿದಳು. ಚೆನ್ನಾಗಿಲ್ಲದವರು ಅದರಲ್ಲಿ ಒಬ್ಬರೂ ಇರಲಿಲ್ಲ.

ಬೆಳ್ಳುಳ್ಳಿ ಬ್ರೆಡ್ಡಿನ ಟ್ರೇ ತಾ ಎಂದು ಅಮ್ಮ ಒಳಗಿನಿಂದ ಕೂಗಿದಳು. ಓಪಲ್ ಹೋಗಿ ಟ್ರೇ ಎತ್ತಿದಳು. ಇನ್ನೂರು ಸುರುಳಿ ಸುತ್ತಿದ್ದ ಬೆರಳು ಮಡಚಲಿಲ್ಲ. ಟ್ರೇ ಜಾರಿ, ಬ್ರೆಡ್ಡೆಲ್ಲ ನೆಲದ ಮೇಲೆ ಹರಡಿತು.

ನಾಲ್ಕೈದು ಜನ ಒಟ್ಟಿಗೆ ಏನಾಯ್ತು, ಹೇಗಿದ್ದೀಯ ಎಂದರು. ಆ ಹಳೇ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಬಾಯಿ ಮುಚ್ಚಿದಳು. ಅಮ್ಮ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ನೋಯ್ತಿದೆ ಅಮ್ಮ" ಅಂದಳು ಓಪಲ್.

"ಎಷ್ಟು ದಿನದಿಂದ?"

"ಮೂರು ವಾರ. ಬೆಳಿಗ್ಗೆ ಜಾಸ್ತಿ. ಹಲ್ಲುಜ್ಜೋ ಬ್ರಶ್ ಹಿಡಿಯೋಕೆ ಆಗಲ್ಲ. ಎರಡು ಅಂಗೈ ಮಧ್ಯೆ ಇಟ್ಕೊಂಡು, ತಲೇನೇ ಆ ಕಡೆ ಈ ಕಡೆ ಆಡಿಸ್ತೀನಿ."

ಅಮ್ಮನಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

"ಇನ್ನೇನು?"

"ಶೂ ಲೇಸ್ ಬಿಚ್ಚೋದೇ ಇಲ್ಲ. ಹಾಗೇ ಕಾಲು ತೂರಿಸ್ತೀನಿ. ಮೆಟ್ಟಿಲು ಕೂತ್ಕೊಂಡು ಇಳೀತೀನಿ, ನೀನು ಕೆಲಸಕ್ಕೆ ಹೋದ್ಮೇಲೆ."

ಅಮ್ಮನ ಮುಖ ಓಪಲ್ ಹೆದರಿದ್ದ ಹಾಗೆ ಆಗಲಿಲ್ಲ. ಬಹಳ ದಿನ ಹುಡುಕಿದ ಬೀಗದ ಕೈ ಸಿಕ್ಕಿದವಳ ಮುಖದ ಹಾಗಿತ್ತು. ಏಪ್ರನ್ನಿಗೆ ಕೈ ಒರೆಸಿ, ಚೀಲದಿಂದ ಹಾಳೆ ತೆಗೆದು, ಅಲ್ಲೇ ಮೇಜಿನ ತುದಿಯಲ್ಲಿ ಬರೆಯಲು ಕೂತಳು. ತಾತ ಬಗ್ಗಿ ಬ್ರೆಡ್ ಆರಿಸಿದ, ನರಳುತ್ತ, ಈ ಸಲ ಯಾರಿಗೂ ಮುಚ್ಚಿಡದೆ.

ವರ್ನಾ ಮಿಸ್ ಅಮ್ಮನ ಹೆಗಲ ಮೇಲಿಂದ ಇಣುಕಿ, ಮಗು ರಾತ್ರಿಯೆಲ್ಲ ಅಳುತ್ತದೆ ಎಂದು ಒಂದು ಸಾಲು ಸೇರಿಸು, ಕಲ್ಲೂ ಕರಗಬೇಕು ಎಂದು ಸಲಹೆ ಕೊಟ್ಟರು.

"ಅಳಲ್ಲ ಮಿಸ್" ಅಂದಳು ಓಪಲ್. "ಬ್ರಶ್‌ದು ಬರೆದರೆ ಸಾಕು."

"ಅವಳು ಹೇಳಿದಷ್ಟೇ ಬರೀತೀನಿ" ಅಂದಳು ಅಮ್ಮ, ತಲೆ ಎತ್ತದೆ. ಎರಡು ಪುಟ ತುಂಬಿತು.

ಅಂಚೆ ಕಚೇರಿ ರಸ್ತೆಯ ಆಚೆ ಬದಿಗೆ. ಬಾಗಿಲು ಹಾಕಿತ್ತು, ಆದರೆ ಮುಂದಿನ ನೀಲಿ ಅಂಚೆ ಡಬ್ಬಿ ಯಾವಾಗಲೂ ಇರುತ್ತದೆ. ಅಮ್ಮ ಕವರನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿ, ನೀನೇ ಹಾಕು ಎಂದು ಅವಳ ಕೈಗೆ ಕೊಟ್ಟಳು.

ಹಿಡಿ ಎಳೆದು ಹಿಡಿದರೇ ಡಬ್ಬಿಯ ಬಾಯಿ ತೆರೆಯುವುದು. ಆ ಹಿಡಿ ಕಬ್ಬಿಣದ್ದು, ತಣ್ಣಗೆ, ಬಿಗಿಯಾಗಿತ್ತು. ನಿನ್ನೆಯಾಗಿದ್ದರೆ ಅವಳು ಹಲ್ಲು ಕಚ್ಚಿ, ಮೊಣಕೈಯಿಂದಲೋ ಗದ್ದದಿಂದಲೋ ಹೇಗೋ ಎಳೆದು, ಆಯ್ತು ಅನ್ನುತ್ತಿದ್ದಳು.

"ಅಮ್ಮ, ನನ್ನ ಕೈಲಿ ಆಗಲ್ಲ. ನೀನು ಎಳಿ, ನಾನು ಹಾಕ್ತೀನಿ."

ಅಮ್ಮ ಎಳೆದಳು. ಓಪಲ್ ಕವರನ್ನು ಒಳಗೆ ಜಾರಿಸಿ, ಅದು ತಳ ಮುಟ್ಟಿದ ಸದ್ದು ಕೇಳುವವರೆಗೂ ಅಲ್ಲೇ ನಿಂತಳು.