ಅಮ್ಮನ ಸಮಾಧಿಯ ದೀಪಗಳು

"ಅನಾಸೀನಿ... ನಿಮ್ಮಮ್ಮ..."

ಬಾಗಿಲಲ್ಲಿ ನಿಂತ ಯುವಕನ ಬಾಯಿಂದ ಮುಂದಿನ ಮಾತು ಹೊರಡಲಿಲ್ಲ. ಅವನು ಫೀನೌ, ನಮ್ಮ ಟೊಂಗಾ ದೇಶದ ಒಂದು ಪುಟ್ಟ ದ್ವೀಪದ ಹಡಗುಕಟ್ಟೆಯಲ್ಲಿ ಕೆಲಸ ಮಾಡುವವನು. ರಾಜಧಾನಿಯ ಆಸ್ಪತ್ರೆಗೆ ಹೋಗಿದ್ದ ಅನಾಸೀನಿಯ ಅಮ್ಮ ತೀರಿಕೊಂಡ ಸುದ್ದಿ ಕಟ್ಟೆಯ ಫೋನಿಗೆ ಬಂದಿತ್ತು.

"ಹೇಳ್ಬೇಡ! ನೀನು ಹೇಳದಿದ್ರೆ ಅದು ಸುಳ್ಳಾಗತ್ತೆ!"

ಅವಳು ಅವನ ಎದೆಗೆ ಗುದ್ದಿದಳು. ಅವನು ಕದಲಲಿಲ್ಲ. ಅವಳ ಅಳು ತೀರುವವರೆಗೂ ತಲೆ ತಗ್ಗಿಸಿ ನಿಂತೇ ಇದ್ದ.

ಆಮೇಲೆ ಅವನು ಎದುರಾದರೆ ಅವಳು ದಾರಿಯನ್ನೇ ಬದಲಿಸುತ್ತಿದ್ದಳು.

ಅಮ್ಮನನ್ನು ಕಡಲತಡಿಯಲ್ಲಿ ಮಣ್ಣು ಮಾಡಿದರು. ಊರ ಪದ್ಧತಿಯಂತೆ ಅನಾಸೀನಿ ತಾನೇ ಹೊಲಿದ ದೊಡ್ಡ ಕೌದಿಯನ್ನು ಸಮಾಧಿಯ ತಲೆಯ ಕಡೆ ಎರಡು ಕಂಬಗಳಿಗೆ ಬಿಗಿದು ನಿಲ್ಲಿಸಿದಳು. ಅದರ ಬುಡದಲ್ಲಿ ಸೋಲಾರ್ ದೀಪಗಳನ್ನು ನೆಟ್ಟಳು. ಅಮ್ಮನಿಗೆ ಕತ್ತಲೆಂದರೆ ಭಯ.

ಆದರೆ ಮುಸ್ಸಂಜೆ ಕಳೆಯುವಷ್ಟರಲ್ಲೇ ದೀಪಗಳು ಕಣ್ಣು ಮುಚ್ಚಿದವು!

'ನನ್ನ ಪ್ರಾರ್ಥನೆ ಸಾಲದೇನೋ... ಅಮ್ಮ ಮುನಿಸಿಕೊಂಡಳೇನೋ...'

ಕೆಲವು ದಿನ ಕಳೆದ ಮೇಲೆ ಅವೇ ದೀಪಗಳು ಬೆಳಗಿನವರೆಗೆ ಉರಿಯತೊಡಗಿದವು. ಅವಳು ದೇವರಿಗೆ ವಂದಿಸಿದಳು.

ಸದಾ ಸಂಜೆಯಾದ ಮೇಲೆ ಬರುತ್ತಿದ್ದವಳು ಒಂದು ದಿನ ಮುಂಜಾನೆಯೇ ಹೂ ತಂದು ಬೆಚ್ಚಿ ನಿಂತಳು. ಫೀನೌ ದೀಪಗಳನ್ನು ಕಿತ್ತು ಬುಟ್ಟಿಗೆ ತುಂಬುತ್ತಿದ್ದ.

"ಕಳ್ಳ! ಸತ್ತವರ ದೀಪಕ್ಕೂ ಕೈ ಹಾಕ್ತೀಯಾ?"

"ಸಂಜೆ ತಂದು ನೆಡ್ತೀನಿ, ಅನಾಸೀನಿ... ದಿನಾ ನೆಡ್ತೀನಲ್ಲ."

"ಹಗಲು ಬಾಡಿಗೆಗೆ ಕೊಡ್ತೀಯೇನು?"

"ಬಿಸಿಲಿಗೆ ಇಡ್ತೀನಿ ಅಷ್ಟೇ. ನೆತ್ತಿ ಮೇಲಿರೋ ಈ ಕಪ್ಪು ಬಿಲ್ಲೆ ಬಿಸಿಲು ಕುಡಿದ್ರೇನೇ ಒಳಗಿನ ಬ್ಯಾಟರಿ ತುಂಬೋದು. ಬಿಲ್ಲೆಗೆ ಬೆಳಕು ಬೀಳೋದು ನಿಂತ್ರೆ, ಕತ್ತಲಾಯ್ತು ಅಂತ ದೀಪ ತಾನೇ ಹತ್ಕೊಳ್ಳತ್ತೆ. ಹಗಲು ಕುಡೀದೆ ರಾತ್ರಿ ಏನು ಉರೀಬೇಕು?"

"ಮೊದಲೂ ಹಗಲೆಲ್ಲ ಬಯಲಲ್ಲೇ ಇದ್ವಲ್ಲ!"

ಅವನು ಕೌದಿಯತ್ತ ನೋಡಿದ.

ಅದು ಚಳಿಗಾಲ; ಭೂಮಧ್ಯರೇಖೆಯ ದಕ್ಷಿಣಕ್ಕಿರುವ ನಮ್ಮಲ್ಲಿ ಆಗ ಸೂರ್ಯ ಉತ್ತರಕ್ಕೆ ವಾಲಿಯೇ ಸಾಗುತ್ತಾನೆ. ಉತ್ತರಕ್ಕಿದ್ದ ತಲೆಯ ಕಡೆ ಗೋಡೆಯಂತೆ ನಿಂತ ಕೌದಿಯ ನೆರಳು ದೀಪಗಳನ್ನು ನುಂಗಿತ್ತು.

ಅನಾಸೀನಿ ಅವನತ್ತ ತಿರುಗಿದಳು. "ಹೇಳಬಾರದಿತ್ತಾ? ನೀನೇ ಸರಿಸಬಾರದಿತ್ತಾ?"

"ಸಮಾಧಿಯ ಕೌದಿನ ಮನೆಯವರಲ್ಲದೆ ಬೇರೆಯವರು ಮುಟ್ಟಬಾರದು. ಹೇಳೋಣ ಅಂದ್ರೆ... ನೀನು ಅಳ್ತಾ ಹೊಲಿದದ್ದು. ಅದರಿಂದಲೇ ಅಮ್ಮಂಗೆ ಕತ್ತಲಾಯ್ತು ಅಂತ ಹೇಗೆ ಹೇಳ್ಲಿ? ಒಂದು ಕೆಟ್ಟ ಸುದ್ದಿ ತಂದವನೇ ಇನ್ನೊಂದೂ ತರೋದಾ?"

"ಅದಕ್ಕೆ ದಿನಾ ಹೊತ್ತೆಯಾ, ದಡ್ಡ?"

"ನಮ್ಮಂಗಳದ ಬಿಸಿಲು ಸುಮ್ನೆ ಬಿದ್ದಿತ್ತು..."

ಅನಾಸೀನಿ ಕಣ್ಣೊರೆಸಿಕೊಂಡಳು. ಕೌದಿಯ ಒಂದು ಕಂಬವನ್ನು ಮರಳಿನಿಂದ ಅಲುಗಿಸಿ ಕಿತ್ತಳು.

"ಆ ಕಂಬ ನೀನು ಹಿಡ್ಕೋ. ಕಾಲಿನ ಕಡೆ ನಿಲ್ಲಿಸೋಣ."

ಅವನು ಹಿಂದೆ ಸರಿದ. "ನಾನು ಮನೆಯವನಲ್ಲ, ಅನಾಸೀನಿ."

"ಗೊತ್ತು... ಗೊತ್ತಿದ್ದೇ ಹಿಡಿ ಅಂತಿದೀನಿ."

ಫೀನೌ ಅವಳ ಮುಖ ನೋಡಿದ.

"ಯೋಚನೆ ಮಾಡಿ ಹೇಳ್ತಿದೀಯಾ?"

"ಕೈ ಸೋತೋಗ್ತಿದೆ, ಬೇಗ ಹಿಡಿ!"

ಅವನು ಇನ್ನೊಂದು ಕಂಬ ಕಿತ್ತು ಹಿಡಿದ. ಇಬ್ಬರೂ ಕೂಡಿ ಕೌದಿಯನ್ನು ಕಾಲಿನ ಕಡೆ ನಿಲ್ಲಿಸಿದರು. ಬುಟ್ಟಿಯಿಂದ ತೆಗೆದು ಮತ್ತೆ ನೆಟ್ಟ ದೀಪಗಳ ಮೇಲೆ ಎಳೆಬಿಸಿಲು ಬಿತ್ತು.

"ನಾನು ಮನೆಯವನಾದ್ರೆ ಅಮ್ಮ ಒಪ್ತಾರಾ?" ಎಂದು ಅವನು ಮೆಲ್ಲನೆ ಕೇಳಿದ.

"ಬಾ, ಕೂತು ಕೇಳೋಣ."

ಇಬ್ಬರೂ ಮರಳಲ್ಲಿ ಮೊಣಕಾಲೂರಿ ಒಟ್ಟಿಗೆ ಪ್ರಾರ್ಥಿಸಿದರು.

"ತಂದೆಯೇ, ಈ ತಾಯಿಯನ್ನು ನಿನ್ನ ಬೆಳಕಿನಲ್ಲಿ ಇರಿಸಿಕೋ. ಅವಳ ಭಯವೆಲ್ಲ ನೀಗಲಿ. ಅವಳ ಆತ್ಮಕ್ಕೆ ಶಾಂತಿ ಕೊಡು. ಆಮೆನ್."